ಒಂದು ಹನಿಯೂ ಸೋರಬಾರದು

ತೇರದಾಳ ದಾಟಿ ಎರಡು ಮೈಲಿ ಬಂದಿರಬೇಕು, ಗಾಡಿಯ ಮೂತಿಯೊಳಗೆ ಕಿರ್ರ್ ಎಂದು ಸಣ್ಣ ಸದ್ದು ಎದ್ದಿತು. ಸ್ಟೇರಿಂಗ್ ಹಿಡಿದಿದ್ದ ತುಕಾರಾಮನಿಗೆ ಅದು ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವನ ಹೆಂಡತಿ ತಾಯವ್ವನಿಗೂ ಕೇಳಲಿಲ್ಲ. ಮಗನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಧರೆಪ್ಪ ಮಾತ್ರ, ಯಾರೋ ಹೆಸರು ಹಿಡಿದು ಕರೆದವರಂತೆ ನೆಟ್ಟಗಾದ.

"ನಿಂದರಸು," ಎಂದ.

"ಯಾಕಪ್ಪಾ? ಅವ್ವ ಈಗರ ಕಣ್ಣ ಮುಚ್ಯಾಳ."

"ನೀರಿನ ಪಂಪು ಹೊಂಟೈತಿ. ನಿಂದರಸು ಅಂದ್ರ ನಿಂದರಸಲೇ."

ಬಾನೆಟ್ ಎತ್ತಿ ನೋಡಿದರೆ ಮಾತು ಖರೆಯೇ ಆಗಿತ್ತು. ಫ್ಯಾನಿನ ರೆಕ್ಕೆ ಹಿಡಿದು ಅಲುಗಿಸಿದರೆ ಮುದುಕರ ಹಲ್ಲಿನ ಹಾಗೆ ಅಲುಗುತ್ತಿತ್ತು, ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಂಜಿನ್ನಿನೊಳಗೆ ನೀರು ತಿರುಗಿಸುವ ಪಂಪು ನಿಂತರೆ ಇಂಜಿನ್ ಕಾದು ಹಿಡಿದುಕೊಳ್ಳುತ್ತದೆ, ಆಮೇಲೆ ಗಾಡಿಯನ್ನು ಎತ್ತು ಕಟ್ಟಿ ಎಳೆಯಬೇಕು. ಹಾದಿಯ ಬಾವಿ ಬಾವಿಗೂ ನಿಂತು, ಕೊಡ ಕೊಡ ನೀರು ಸುರಿದು, ಒಂದು ತಾಸಿನ ದಾರಿಯನ್ನು ನಾಲ್ಕು ತಾಸು ಮಾಡಿ ಅವರು ಜಮಖಂಡಿಯ ಮನೆ ಮುಟ್ಟಿದರು. ಅಷ್ಟೂ ಹೊತ್ತು ಸಾತವ್ವ ಒಂದು ಮಾತೂ ಆಡಲಿಲ್ಲ. ಆಡಲು ಅವಳಿಗೆ ದನಿಯೂ ಅಷ್ಟಾಗಿ ಉಳಿದಿರಲಿಲ್ಲ.

ಸಾತವ್ವ ಧರೆಪ್ಪನ ಹೆಂಡತಿ. ಹೋದ ದೀಪಾವಳಿಯ ಹೊತ್ತಿಗೆ ಅವಳ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಮಿರಜಿನ ಆಸ್ಪತ್ರೆಯಲ್ಲಿ ಮಷಿನ್ ಕೆಳಗೆ ಮಲಗಿಸಿ 'ಕರೆಂಟು' ಕೊಡುತ್ತಿದ್ದರು. ವಾರಕ್ಕೊಮ್ಮೆ, ಗುರುವಾರ, ಒಟ್ಟು ಹನ್ನೆರಡು ಸಲ. ಎಂಟು ಮುಗಿದಿದ್ದವು. ಅಲ್ಲಿಯ ಡಾಕ್ಟರಬಾಯಿ ಮೊದಲ ದಿನವೇ ಬೆರಳು ಎತ್ತಿ ಹೇಳಿದ್ದರು: "ಒಂದು ವಾರ ತಪ್ಪಿದರೆ ಹೇಗಾದರೂ ಸರಿದೂಗಿಸಬಹುದು. ಎರಡು ವಾರ ಸಾಲಾಗಿ ತಪ್ಪಿತೋ, ಹಿಂದೆ ಕೊಟ್ಟಿದ್ದೆಲ್ಲ ದಂಡ."

ಧರೆಪ್ಪ ಇಪ್ಪತ್ತೆಂಟು ವರ್ಷ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತನಾದ ವರ್ಷ ಯಾವುದೋ ಕಚೇರಿ ಹರಾಜು ಹಾಕಿದ ಕರಿ ಅಂಬಾಸಡರನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ, ಅದರಲ್ಲಿ ಕೋಳಿ ಸಾಕುತ್ತೀರಾ ಎಂದು ಓಣಿಯವರು ನಕ್ಕಿದ್ದರು. ಅವನು ಅದರ ಒಂದೊಂದು ಬೋಲ್ಟನ್ನೂ ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ ಓಡುವ ಹಾಗೆ ಮಾಡಿದ್ದ. ಈಗ ಅದೇ ಗಾಡಿ ಸಾತವ್ವನನ್ನು ಮಿರಜಿಗೆ ಮುಟ್ಟಿಸುತ್ತಿತ್ತು. ಅವನಿಗೆ ಅದರ ಬಗ್ಗೆ ಜಂಬವಿತ್ತು. ಇರಲಿ ಬಿಡಿ, ಆ ಮನೆಯಲ್ಲಿ ಜಂಬಪಡಲು ಬೇರೆ ಏನೂ ಇರಲಿಲ್ಲ.

ಆದರೆ ಒಂದು ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದಿಂದ ಅವನ ಕಣ್ಣಿಗೆ ಪೊರೆ ಬಂದಿತ್ತು. ಬಿಸಿಲಿನಲ್ಲಿ ಮನುಷ್ಯರು ನೆರಳಾಗಿ ಕಾಣುತ್ತಿದ್ದರು, ಒಳಗೆ ಬಂದರೆ ಅದೂ ಇಲ್ಲ. ಮೊಣಕಾಲು ನೋವು ಎಂದು ನೆಪ ಹೇಳಿ ಸ್ಟೇರಿಂಗನ್ನು ಮಗನಿಗೆ ಕೊಟ್ಟಿದ್ದ. ಗುಟ್ಟು ಗೊತ್ತಿದ್ದವಳು ಸಾತವ್ವ ಒಬ್ಬಳೇ. ಉಣ್ಣಲು ಕೂತಾಗ ಅವಳು ಮೆಲ್ಲಗೆ, "ಚಟ್ನಿ ಎಡಕ್ಕೈತಿ, ನೀರು ಮುಂದೈತಿ," ಎನ್ನುತ್ತಿದ್ದಳು. ಅವಳ ದನಿ ಸಣ್ಣಗಾದಂತೆಲ್ಲ ಅವನ ಕೈ ತಾಟಿನ ಸುತ್ತ ಹೆಚ್ಚು ಹೆಚ್ಚು ತಡವರಿಸತೊಡಗಿತ್ತು.

ಅವತ್ತು ಸಂಜೆ ಊಟದ ಹೊತ್ತಿಗೆ ಜಗಳ ಹತ್ತಿತು.

"ನಾಳೆ ಮುಧೋಳಕ್ಕ ಹೋಗಿ ಹೊಳೆಪ್ಪನ್ನ ಕರ್ಕೊಂಡು ಬರ್ತೀನಿ," ಎಂದ ತುಕಾರಾಮ. ಅವನು ಕೋರ್ಟಿನಲ್ಲಿ ಗುಮಾಸ್ತ, ರಜೆ ಕೇಳಿ ಕೇಳಿ ಸಾಹೇಬರ ಮುಖ ನೋಡಲು ಅಂಜುತ್ತಿದ್ದ.

"ಹೊಳೆಪ್ಪ? ನನ್ನ ಕೈಯಾಗ ಪಾನಾ ಸುತ್ತಿಗಿ ಹಿಡಿಯೂದು ಕಲತಾವ. ಅವ ಬಂದು ನನ್ನ ಗಾಡಿ ಬಿಚ್ಚಬೇಕೇನು?"

"ಕಲತರ ಏನಾತಪಾ? ಈಗ ಅವಂದು ಗ್ಯಾರೇಜ ಐತಿ, ಕೈಯಾಗ ಕಸುವೈತಿ. ನಿನಗ ರೊಟ್ಟಿ ತಾಟಿನ್ಯಾಗ ಎಲ್ಲೈತಿ ಅನ್ನೂದ ತಿಳಿಯೂದಿಲ್ಲ."

"ಏನಂದಿ?"

"ಇದ್ದದ್ದ ಅಂದೆ. ನಿನಗ ಕಣ್ಣ ಕಾಣತಾವೇನು? ಖರೆ ಹೇಳು."

ತಾಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮೂಲೆಯಲ್ಲಿ ಗೋಡೆಗೆ ಒರಗಿ, ಒಂದು ಬಟ್ಟಲು ಅಂಬಲಿಯನ್ನು ಅರ್ಧ ತಾಸಿನಿಂದ ಗುಟುಕರಿಸುತ್ತಿದ್ದ ಸಾತವ್ವ ಬಟ್ಟಲನ್ನು ಕೆಳಗಿಟ್ಟಳು.

"ಕಾಣದ ಏನ್ ಧಾಡಿ?" ಎಂದಳು ಒಡಕು ದನಿಯಲ್ಲಿ. "ನಿನ್ನೆ ನನಗ ಸೂಜ್ಯಾಗ ದಾರ ಪೋಣಿಸಿ ಕೊಟ್ಟಾರ. ಸುಮ್ಕ ಉಣ್ಣು."

ಧರೆಪ್ಪ ಸೂಜಿಯನ್ನು ಮುಟ್ಟಿ ವರ್ಷವಾಗಿತ್ತು. ಆದರೂ ಅವನು ಹೌದೆನ್ನುವಂತೆ ಗದ್ದ ಎತ್ತಿ ಕೂತ. ಹೆಂಡತಿ ಸುಳ್ಳು ಹೇಳಿ ಮಾನ ಉಳಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗ ಅವನಿಗೆ ಆದದ್ದು ಸಮಾಧಾನ.

"ಆತು," ಎಂದ ತುಕಾರಾಮ ಕೈ ತೊಳೆಯುತ್ತ. "ನೀನ ಮಾಡು. ಆದ್ರ ಗುರುವಾರದೊಳಗ ಗಾಡಿ ಓಡಬೇಕು. ಅವ್ವಾ, ಆಸ್ಪತ್ರಿ ಕಾರ್ಡ ನನ್ನ ಕೋರ್ಟಿನ ಕಾಗದದಾಗ ಸೇರಿ ಪ್ರತಿ ಸಲಾ ಹುಡುಕಾಡೂದಾಗೇತಿ."

"ಕೊಡು ಇಲ್ಲೆ. ನಾ ಇಟ್ಟಕೋತೀನಿ," ಎಂದಳು ಸಾತವ್ವ. ಎಷ್ಟನೆಯ ಸಲ, ಎಷ್ಟು ನಿಮಿಷ, ಗಂಟಲಿನ ಯಾವ ಭಾಗಕ್ಕೆ ಎಂಬುದನ್ನೆಲ್ಲ ಡಾಕ್ಟರಬಾಯಿ ಬರೆಯುತ್ತಿದ್ದ ದಪ್ಪ ಕಾರ್ಡು ಅದು. ಅವಳು ಅದನ್ನು ಹಣೆಗೆ ಒತ್ತಿಕೊಂಡು ಸೆರಗಿನಲ್ಲಿ ಇಟ್ಟುಕೊಂಡಳು.

ಹಳೆಯ ಪಂಪನ್ನು ಬಿಚ್ಚಲು ಧರೆಪ್ಪನಿಗೆ ಒಂದು ಮುಂಜಾನೆ ಸಾಕಾಯಿತು. ರೇಡಿಯೇಟರಿನ ನೀರು ಬಿಟ್ಟ, ಪೈಪು ಕಳಚಿದ, ಬೆಲ್ಟು ಸಡಿಲಿಸಿದ, ಫ್ಯಾನು ತೆಗೆದ, ನಾಲ್ಕು ಬೋಲ್ಟು ತಿರುಗಿಸಿದ. ಕಣ್ಣು ಬೇಕೇ ಆಗಲಿಲ್ಲ. ತೆಗೆದ ಬೋಲ್ಟುಗಳನ್ನು ಅವನು ಬಿಚ್ಚಿದ ಸಾಲಿನಲ್ಲೇ ಗೋಣಿತಟ್ಟಿನ ಮೇಲೆ ಇಡುತ್ತಿದ್ದ, ಯಾರಾದರೂ ದಾಟಿದರೆ ಗದರುತ್ತಿದ್ದ. ಆದರೆ ಹೊಸ ಪಂಪು ಊರಲ್ಲಿ ಸಿಗಲಿಲ್ಲ. ರಬಕವಿ-ಬನಹಟ್ಟಿಯಲ್ಲೂ ಇರಲಿಲ್ಲ. ಕೊನೆಗೆ ಹೊಳೆಪ್ಪನಿಗೇ ಹೇಳಿಕಳಿಸಬೇಕಾಯಿತು. ಕೊಲ್ಲಾಪುರದಿಂದ ತರಿಸಿಕೊಡುತ್ತೇನೆ, ಎಂಟು ದಿನ ಬೇಕು ಎಂದು ಅವನ ಉತ್ತರ ಬಂತು.

ಲಗ್ನದ ದಿನಗಳು. ಬಾಡಿಗೆಗೆ ಕೇಳಿದರೆ ಒಂದು ಗಾಡಿಯೂ ಖಾಲಿಯಿಲ್ಲ. ಗುರುವಾರ ಬಂತು, ತುಕಾರಾಮ ಅವ್ವನನ್ನು ಬಸ್ಸಿಗೆ ಹತ್ತಿಸಿದ. ಮುಂಜಾನೆ ಹೋದವರು ಮಧ್ಯಾಹ್ನವೇ ತಿರುಗಿ ಬಂದರು. ಹಾರೂಗೇರಿ ಮುಟ್ಟುವುದರೊಳಗೆ ಬಸ್ಸಿನ ಎತ್ತಾಟಕ್ಕೆ ಅವಳ ಬಾಯಲ್ಲಿ ರಕ್ತ ಬಂದಿತ್ತು. ಅವಳನ್ನು ತೋಳಿನಲ್ಲಿ ಹೊತ್ತುಕೊಂಡೇ ತುಕಾರಾಮ ಹೊಸ್ತಿಲು ದಾಟಿದ. ಅವನ ಬಿಳಿ ಅಂಗಿಯ ಹೆಗಲೆಲ್ಲ ಕೆಂಪಾಗಿತ್ತು. ಧರೆಪ್ಪನಿಗೆ ಅದು ಕಾಣಲಿಲ್ಲ, ವಾಸನೆ ಮಾತ್ರ ಬಂತು.

"ಒಂದು ವಾರ ತಪ್ಪಿತು," ಎಂದ ತುಕಾರಾಮ. "ಇನ್ನೊಂದು ತಪ್ಪಿದ್ರ ಅವ್ವ ನಮಗ ದಕ್ಕೂದಿಲ್ಲ. ತಿಳೀತೇನು ಅಪ್ಪಾ? ನಿನ್ನ ಗಾಡಿ, ನಿನ್ನ ಪಂಪು, ನಿನ್ನ ದೊಡ್ಡಸ್ತನ."

"ನಾ ಏನು ಬೇಕಂತ ಕೆಡಿಸೀನೇನಲೇ?"

"ಕೂಗಬ್ಯಾಡ್ರಿ ಇಬ್ಬರೂ," ಎಂದಳು ತಾಯವ್ವ, ಅತ್ತೆಯ ಬಾಯಿ ಒರೆಸುತ್ತ. "ಸಾಯೂ ಮಾತ ಆಕಿ ಮುಂದ ಆಡತೀರೇನು? ಹೊರಗ ಹೋಗ್ರಿ."

ಮನೆಯಲ್ಲಿ ಆಮೇಲಿನ ಆರು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಗರಿಗರಿ ರೊಟ್ಟಿ ಮುರಿಯುವ ಸದ್ದು ನುಂಗಲಾರದ ಅತ್ತೆಗೆ ಕೇಳಬಾರದೆಂದು ತಾಯವ್ವ ಬರೀ ಅನ್ನ, ಸಾರು ಮಾಡತೊಡಗಿದಳು. ಧರೆಪ್ಪ ಮೊದಲ ದಿನ ಅದಕ್ಕೂ ಗೊಣಗಿದ, ಎರಡನೆಯ ದಿನದಿಂದ ಸುಮ್ಮನಾದ.

ಬುಧವಾರ ಮಧ್ಯಾಹ್ನ ಮುಧೋಳದ ಬಸ್ಸಿನ ಕಂಡಕ್ಟರು ಒಂದು ರಟ್ಟಿನ ಡಬ್ಬಿ ಕೊಟ್ಟು ಹೋದ. ತಾಯವ್ವ ಒಳಗಿನ ಚೀಟಿ ಓದಿದಳು. "ಗುರುಗಳ ಪಾದಕ್ಕೆ ಹೊಳೆಪ್ಪನ ನಮಸ್ಕಾರ. ಪಂಪು ಕಳಿಸೇನಿ. ಪ್ಯಾಕಿಂಗ್ ಬಂದಿಲ್ಲ. ಶುಕ್ರವಾರ ನಾನೇ ತಗೊಂಡು ಬಂದು ಕೂಡಿಸಿ ಕೊಡತೀನಿ."

"ಪ್ಯಾಕಿಂಗ್ ಅಂದ್ರ ಏನ್ರಿ ಮಾವಾರ?"

"ಪಂಪಿನ ಮುಖಕ್ಕೂ ಇಂಜಿನ್ನಿನ ಮುಖಕ್ಕೂ ನಡುವ ಒಂದು ದಪ್ಪ ಕಾಗದ ಇರತೈತಿ. ಅದಿಲ್ಲಂದ್ರ ನೀರು ನಿಲ್ಲೂದಿಲ್ಲ." ಅವನು ಪಂಪನ್ನು ಕೈಯಲ್ಲಿ ತೂಗಿದ. "ಶುಕ್ರವಾರ ಅಂತಾನ. ಶುಕ್ರವಾರ ಯಾರಿಗೆ ಬೇಕಾಗೇತಿ!"

"ಹಂಗಾದ್ರ ಏನ್ ಮಾಡೂದ್ರಿ?"

"ನಾ ಕತ್ತರಿಸತೀನಿ. ಡಿಪೋದಾಗ ಇಂಥಾವ ಸಾವಿರ ಕತ್ತರಿಸೇನಿ. ನೀ ನೀರಿಗಿ ಹೋಗು, ನಳ ಬರೂ ಹೊತ್ತಾತು."

ತಾಯವ್ವ ಕೊಡ ತೆಗೆದುಕೊಂಡು ಹೋದಳು. ತುಕಾರಾಮ ಕೋರ್ಟಿನಲ್ಲಿದ್ದ. ಸಾತವ್ವ ನಡುಮನೆಯಲ್ಲಿ ನಿದ್ದೆ ಹೋಗಿದ್ದಳು, ಅವಳ ಉಸಿರಿನ ಗೊರಗೊರ ಅಂಗಳದವರೆಗೂ ಕೇಳುತ್ತಿತ್ತು. ಅವಳನ್ನು ಎಬ್ಬಿಸಲು ಅವನಿಗೆ ಮನಸ್ಸಾಗಲಿಲ್ಲ.

ಮೊದಲು ಪಂಪು ಬಂದ ಡಬ್ಬಿಯ ರಟ್ಟನ್ನು ತಡವಿ ನೋಡಿದ. ಒಳಗೆ ಟೊಳ್ಳು, ಹಿಂಡಿದರೆ ಕುಸಿಯುತ್ತದೆ. ಗೋಡೆಯ ಕ್ಯಾಲೆಂಡರ್ ತೀರ ತೆಳ್ಳಗೆ. ಆಗ ನೆನಪಾದದ್ದು ಲಗ್ನದ ಕಾರ್ಡು. ಆ ಮನೆಯಲ್ಲಿ ಯಾವ ಲಗ್ನದ ಕರೆ ಬಂದರೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಡುವುದು ಸಾತವ್ವನ ರೂಢಿ. ಲಗ್ನ ಮುಗಿದರೂ ಅವನ್ನು ಅಲ್ಲಿಂದ ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಸ್ನಾನವಿಲ್ಲದ ಮೈ, ಕೈಯೆಲ್ಲ ಗ್ರೀಸು. "ತಪ್ಪಾತಪ್ಪಾ ಸ್ವಾಮಿ, ಆಕಿ ಸಲುವಾಗಿನ ಮುಟ್ಟಾಕತ್ತೇನಿ," ಎಂದು ದೇವರಿಗೆ ಹೇಳಿ ಜಗಲಿಯ ಮೇಲೆ ಕೈಯಾಡಿಸಿದ. ಐದಾರು ಕಾರ್ಡು ಸಿಕ್ಕವು. ಒಂದೊಂದನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದ. ಎಲ್ಲವೂ ತೆಳು. ಎಲ್ಲಕ್ಕಿಂತ ಮೇಲಿದ್ದುದು ಮಾತ್ರ ಮಡಿಸಿದ್ದು, ದಪ್ಪ, ಗಟ್ಟಿ, ಹೇಳಿ ಮಾಡಿಸಿದಂಥದು. ಕಣ್ಣ ಹತ್ತಿರ ಹಿಡಿದ. ಬೆಳ್ಳಗಿನ ಮಬ್ಬು, ಮೂಲೆಯಲ್ಲಿ ಅರಿಷಿಣದ ಹಳದಿ. ಮೂಗಿಗೆ ಹಿಡಿದ, ಅರಿಷಿಣ ಘಮ್ಮೆಂದಿತು.

"ಯಾವನೋ ಸಾವಕಾರಂದು," ಎಂದು ಮೆಚ್ಚಿಕೊಂಡ.

ಅಂಗಳದಲ್ಲಿ ಕೂತು ಕಾರ್ಡನ್ನು ಬಿಡಿಸಿ, ಪಂಪಿನ ಮುಖದ ಮೇಲೆ ಹರವಿ, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ಬಡಿಯುತ್ತ ಹೋದ. ಕಬ್ಬಿಣದ ಅಂಚೇ ಕಾಗದವನ್ನು ಕತ್ತರಿಸುತ್ತದೆ, ಕತ್ತರಿ ಬೇಡ, ಕಣ್ಣೂ ಬೇಡ. ಬೋಲ್ಟಿನ ತೂತುಗಳ ಮೇಲೆ ಸುತ್ತಿಗೆಯ ಗುಂಡನ್ನಿಟ್ಟು ಒಂದೊಂದು ಏಟು ಹಾಕಿದ, ದುಂಡನೆ ಬಿಲ್ಲೆಗಳು ಉದುರಿದವು. ಎಷ್ಟೋ ತಿಂಗಳಿನಿಂದ ಅವನ ಕೈಗಳು ಅಷ್ಟು ಸಂತೋಷವಾಗಿ ಕೆಲಸ ಮಾಡಿರಲಿಲ್ಲ. ಎರಡೂ ಬದಿಗೆ ಗ್ರೀಸು ಸವರಿ, ಪ್ಯಾಕಿಂಗ್ ಕೂಡಿಸಿ, ನಾಲ್ಕೂ ಬೋಲ್ಟನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಉಳಿದ ಚೂರುಗಳನ್ನು ಬಾಚಿ ನೀರೊಲೆಗೆ ಹಾಕಿದ.

ಸಂಜೆ ತುಕಾರಾಮ ಬಂದು ಇಂಜಿನ್ ಚಾಲೂ ಮಾಡಿದ. ಅರ್ಧ ತಾಸು ಓಡಿಸಿದರೂ ನೆಲ ಒಣಗಿಯೇ ಇತ್ತು. ಅವನು ಬಾನೆಟ್ ಕೆಳಗೆ ಬಗ್ಗಿ ನೋಡಿ, "ಛಲೋ ಮಾಡೀಯಪ್ಪಾ," ಎಂದ. ಆ ರಾತ್ರಿ ಧರೆಪ್ಪ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಗುರುವಾರ ನಸುಕಿನಲ್ಲೇ ಹೊರಟರು. ಬನಹಟ್ಟಿ ದಾಟಿತು, ತೇರದಾಳ ದಾಟಿತು, ಗಾಡಿ ತಣ್ಣಗೆ ಓಡುತ್ತಿತ್ತು. ಹಿಂದಿನಿಂದ ಸಾತವ್ವ ಕೈ ಚಾಚಿ ಗಂಡನ ಹೆಗಲು ತಟ್ಟಿದಳು. ಅವನಿಗೆ ಅಷ್ಟೇ ಸಾಕಾಗಿತ್ತು.

ಆಸ್ಪತ್ರೆಯ ಕಿಟಕಿಯ ಮುಂದೆ ತುಕಾರಾಮ ಚೀಲದೊಳಗೆ ಕೈ ಹಾಕಿದ. ಮತ್ತೆ ಹಾಕಿದ. ಚೀಲವನ್ನು ಬೆಂಚಿನ ಮೇಲೆ ಸುರಿದ.

"ಕಾರ್ಡ ಎಲ್ಲೈತಿ?"

"ನೀವ ತಗೊಂಡಿರಂತ ತಿಳಕೊಂಡಿದ್ನಿ," ಎಂದಳು ತಾಯವ್ವ. "ಮುಂಜಾನೆ ನೋಡಿದ್ನಿ, ಇಟ್ಟಲ್ಲಿ ಇರಲಿಲ್ಲ."

"ಇಟ್ಟಲ್ಲಿ ಅಂದ್ರ ಎಲ್ಲಿ? ನನ್ನ ಕೈಯಾಗ ಎಲ್ಲಿ ಕೊಟ್ಟಿದ್ದಿ? ಅವ್ವಾ, ನೀ ಇಟ್ಟಕೋತೀನಿ ಅಂದಿದ್ದಿಲ್ಲಾ?"

ಸಾತವ್ವ ಗಂಟಲಿಗೆ ಕೈ ಒತ್ತಿಕೊಂಡು ಒಂದೊಂದೇ ಮಾತು ಹೊರಡಿಸಿದಳು. "ದೇವರ ಜಗಲಿ ಮ್ಯಾಲ ಇಟ್ಟಿದ್ನಿ. ನನ್ನ ಜೀವ ಅದರಾಗೈತಲ್ಲ, ಅದಕ್ಕ. ಅರಿಷಿಣ ಕುಂಕುಮ ಹಚ್ಚಿ ಇಟ್ಟಿದ್ನಿ."

ಬೆಂಚಿನ ತುದಿಯಲ್ಲಿ ಕೂತಿದ್ದ ಧರೆಪ್ಪನ ಕೈಯಿಂದ ಕೋಲು ಜಾರಿ ಬಿತ್ತು. ಅವನ ಬೆರಳ ತುದಿಗೆ ಆ ಕಾರ್ಡಿನ ದಪ್ಪ, ಅದರ ಮಡಿಕೆ, ಎಲ್ಲ ಮತ್ತೆ ತಾಗಿದವು.

"ಹುಡುಕಬ್ಯಾಡ್ರಿ," ಎಂದ. "ಕಾರ್ಡ ಗಾಡ್ಯಾಗೈತಿ."

"ಗಾಡ್ಯಾಗ ಎಲ್ಲಿ? ಸೀಟಿನ ಮ್ಯಾಲ ಐತೇನು?" ತುಕಾರಾಮ ಓಡಲು ಅಣಿಯಾದ.

"ಪಂಪಿನ ಹಿಂದ ಐತಿ. ಪ್ಯಾಕಿಂಗ್ ಕತ್ತರಿಸೇನಿ ಅದನ್ನ."

ತುಕಾರಾಮ ಎತ್ತಿದ ಕಾಲನ್ನು ಕೆಳಗಿಟ್ಟ.

"ಉಳದದ್ದು?" ಎಂದಳು ತಾಯವ್ವ, ಪಿಸುದನಿಯಲ್ಲಿ.

"ನೀರೊಲಿಗಿ ಹಾಕೀನಿ. ಲಗ್ನದ ಕಾರ್ಡ ಅಂತ ತಿಳಕೊಂಡ್ನಿ. ನನಗ ಕಣ್ಣ ಕಾಣೂದಿಲ್ಲ ತುಕಾರಾಮಾ. ಎರಡು ವರ್ಷಾತು. ಆಕಿ ಹೇಳಿದ್ದು ಸುಳ್ಳು, ನಾ ಹೇಳಿದ್ದೂ ಸುಳ್ಳು."

ತುಕಾರಾಮ ಬೈದಿದ್ದರೆ ಧರೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತು ಸಣ್ಣ ಹುಡುಗನ ಹಾಗೆ ಅತ್ತ.

ತಾಯವ್ವ ಕಣ್ಣೊರೆಸಿಕೊಂಡು ತಾನೇ ಒಳಗೆ ಹೋಗಿ ಡಾಕ್ಟರಬಾಯಿಯ ಕಾಲು ಹಿಡಿದಳು. ಅವರು ದಫ್ತರು ತೆಗೆಸಿದರು. ದಫ್ತರಿನಲ್ಲಿ ಹೆಸರಿತ್ತು, ಬಂದು ಹೋದ ತಾರೀಖುಗಳಿದ್ದವು. ಎಷ್ಟೆಷ್ಟು, ಎಲ್ಲೆಲ್ಲಿ ಎಂಬುದು ಕಾರ್ಡಿನಲ್ಲಿ ಮಾತ್ರ ಇತ್ತು.

"ಎಂಟು ಸಲ ಆಗೇತ್ರಿ ಬಾಯಾರ, ನಾ ಎಣಿಸೇನಿ," ಎಂದಳು ಸಾತವ್ವ.

ಡಾಕ್ಟರಬಾಯಿ ತಲೆಯಾಡಿಸಿದರು. ಅಂದಾಜಿನ ಮೇಲೆ ಕೊಡಲು ಬರುವುದಿಲ್ಲ, ಹೆಚ್ಚಾದರೆ ಗಂಟಲು ಸುಡುತ್ತದೆ, ಕಡಿಮೆಯಾದರೆ ಕೊಟ್ಟೂ ಕೊಡದಂತೆ ಎಂದರು. ದೊಡ್ಡ ಡಾಕ್ಟರು ಮುಂಬೈಯಿಂದ ಬರುವುದು ಇನ್ನು ಹತ್ತು ದಿನಕ್ಕೆ. ಅವರು ನೋಡಿ, ಬೇಕಾದರೆ ಮೊದಲಿನಿಂದ ಶುರು ಮಾಡಬಹುದು. ಇಷ್ಟು ಹೇಳಿ ಅವರು ಸಾತವ್ವನ ರಟ್ಟೆಯನ್ನು ಬೆರಳಲ್ಲಿ ಅಳೆದು ನೋಡಿದರು. ಈ ಮೈ ಅದನ್ನು ತಡೆದುಕೊಳ್ಳುತ್ತದೆಯೇ ಎಂದು ತಾಯವ್ವ ಕೇಳಿದಳು. ಅವರು ಮುಂದಿನವರನ್ನು ಕರೆದರು.

ತಿರುಗಿ ಬರುವಾಗ ಕುಡಚಿಯ ಹತ್ತಿರ ಚಹಾದಂಗಡಿಯ ಮುಂದೆ ಗಾಡಿ ನಿಂತಿತು. ತುಕಾರಾಮ ನಾಲ್ಕು ಚಹಾ ಹೇಳಿದ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಾತವ್ವ ಕಿಟಕಿಯಿಂದ ಕೈ ಚಾಚಿ ಒಂದು ಗ್ಲಾಸನ್ನು ಹೊರಗೆ ನಿಂತಿದ್ದ ಗಂಡನ ಕೈಗೆ ಕೊಟ್ಟು, ಅವನ ಬೆರಳುಗಳನ್ನು ಅದರ ಅಂಚಿಗೆ ತಂದು ಕೂಡಿಸಿದಳು.

"ಸುಡತೈತಿ. ಮ್ಯಾಲ ಹಿಡೀರಿ," ಎಂದಳು.

ಧರೆಪ್ಪ ಗ್ಲಾಸನ್ನು ಬಾಯಿಗೆ ಒಯ್ಯಲಿಲ್ಲ. "ನನ್ನ ಬೈಯಬಾರದೇನು ನೀ?" ಎಂದ.

"ಬೈಯಾಕ ದನಿ ಎಲ್ಲೈತಿ?" ಅವಳು ನಗಲು ನೋಡಿ ಕೆಮ್ಮಿದಳು. "ಇದ್ದಷ್ಟು ನಿಮಗ ದಾರಿ ಹೇಳಾಕ ಬೇಕು."

ಅವನು ಗ್ಲಾಸನ್ನು ಕೆಳಗಿಟ್ಟು, ಗಾಡಿಯನ್ನು ತಡವುತ್ತ ಮುಂದೆ ಹೋದ. ಬಾನೆಟ್ ಎತ್ತಿ, ಕಾದ ಇಂಜಿನ್ನಿನ ಸಂದಿಯಲ್ಲಿ ಕೈ ಇಳಿಸಿದ. ಮುಂಗೈ ಚುರ್ರೆಂದಿತು, ತೆಗೆಯಲಿಲ್ಲ. ಬೆರಳನ್ನು ಪಂಪಿನ ಮುಖದ ಸುತ್ತ, ಕಾಗದದ ಅಂಚು ಸಿಗುವಲ್ಲಿ, ಮೇಲಿನಿಂದ ಕೆಳಗಿನವರೆಗೆ ಎಳೆದ. ನೂರು ಕಿಲೋಮೀಟರಿಗೂ ಹೆಚ್ಚು ಓಡಿದ ಗಾಡಿ. ಎಲ್ಲಾದರೂ ತುಸು ಒದ್ದೆ ಸಿಕ್ಕೀತೆಂದು, ತನ್ನ ಕೈ ಅಲ್ಲಾದರೂ ಸೋತಿರಲೆಂದು ಅವನು ದೇವರನ್ನು ಬೇಡಿಕೊಂಡ.

ಹಿಂದೆ ಬಂದು ನಿಂತ ತುಕಾರಾಮ ಕೇಳಿದ. ಆಸ್ಪತ್ರೆ ಬಿಟ್ಟ ಮೇಲೆ ಅಪ್ಪನೊಡನೆ ಅವನು ಆಡಿದ ಮೊದಲ ಮಾತು ಅದು.

"ಸೋರಾಕತ್ತೈತೇನು?"

ಧರೆಪ್ಪ ಒಣಗಿದ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿದ.

"ಇಲ್ಲಪಾ," ಎಂದ. "ಒಂದು ಹನಿನೂ ಇಲ್ಲ."